ಬಿಳಿ ಬಟ್ಟೆಯ ಪರೀಕ್ಷೆ

ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಮೂವತ್ತೆರಡು ವರ್ಷಗಳಿಂದ ಹಳೆಯ ಮೂಳೆಗಳ ಮಣ್ಣು ಬಿಡಿಸುತ್ತಿದ್ದವಳನ್ನು ಎಲ್ಲರೂ ಬ್ರಷ್ಷಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹಲ್ಲುಜ್ಜುವ ಬ್ರಷ್ಷು, ಹಲ್ಲಿನ ಡಾಕ್ಟರ ಕೊಕ್ಕೆ, ಒಂದು ಭೂತಗನ್ನಡಿ, ಇಷ್ಟೇ ಅವಳ ಆಸ್ತಿ. ಲಕ್ಷ ವರ್ಷ ಮಲಗಿದ್ದವರಿಗೆ ಮುಖ ತೊಳೆಸುವವಳು ಎಂದು ಮೇಲಿನ ಮಹಡಿಯವರು ನಗುತ್ತಿದ್ದರು. ನಗುವವರಿಗೇನು, ಕೆಳಗಿಳಿದು ಬಂದು ಅರ್ಧ ದಿನ ಕತ್ತು ಬಗ್ಗಿಸಿ ಕೂತಿದ್ದರೆ ಗೊತ್ತಾಗುತ್ತಿತ್ತು.

ಆ ಮಂಗಳವಾರ ಅವಳ ಮೇಜಿನ ಮೇಲೆ ಅಣ್ಣನ ದವಡೆ ಇತ್ತು. ಗಾಬರಿ ಬೇಡ, ಅಣ್ಣನದ್ದು ಅಣ್ಣನ ಮುಖದಲ್ಲೇ ಇತ್ತು. ಇದು ಅವನು ಮೂವತ್ತೆರಡು ವರ್ಷದ ಹಿಂದೆ ಇದೇ ಸಂಗ್ರಹಾಲಯಕ್ಕಾಗಿ ಅಗೆದು ತೆಗೆದದ್ದು. ಗುಹೆಯ ನೆಲದಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಕಲ್ಲಾಗಿದ್ದ ಪದರವನ್ನು ಒಡೆದು, ಅದರ ಅಡಿಯಿಂದ ಎತ್ತಿದ್ದ ಮನುಷ್ಯರ ದವಡೆ, ಮೂರು ಹಲ್ಲುಗಳ ಸಮೇತ. ಪದರದ ಅಡಿಯದ್ದಾದರೆ ಪದರಕ್ಕಿಂತ ಹಳೆಯದು. ಹಾಗಾದರೆ ಮನುಷ್ಯರು ಈ ನೆಲಕ್ಕೆ ಕಾಲಿಟ್ಟದ್ದು ಪುಸ್ತಕಗಳು ಹೇಳುವುದಕ್ಕಿಂತ ಎಷ್ಟೋ ಸಾವಿರ ವರ್ಷ ಮೊದಲು. ಪಂಡಿತರು ಒಪ್ಪಲಿಲ್ಲ. ಮೇಲಿನ ಮಣ್ಣಿನಿಂದ ಜಾರಿ ಬಿದ್ದಿರಬೇಕು ಎಂದರು ಸಭ್ಯರು. ಇವನೇ ಎಲ್ಲಿಂದಲೋ ತಂದು ಇಟ್ಟಿದ್ದಾನೆ ಎಂದರು ಉಳಿದವರು. ಎಲುಬಿಲ್ಲದ ನಾಲಿಗೆ, ಎಲುಬಿನ ವಿಷಯವೆಂದು ಬಿಟ್ಟೀತೇ? ಅಣ್ಣನ ಕೆಲಸ ಹೋಯಿತು. ಗುಹೆಯಿದ್ದ ಗುಡ್ಡವನ್ನೇ ಸಿಮೆಂಟಿಗೆಂದು ಸಿಡಿಸಿ ಸಾಗಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಣ್ಣನ ಮಾನ ಅಂಗೈಯಗಲದ ಮೂಳೆಗೆ ಹೋಗಿತ್ತು.

ಹೋದ ತಿಂಗಳು ಹೊಸ ಯಂತ್ರದ ಜೊತೆ, ಮೂಳೆಗಳ ಕಾಲ ಲೆಕ್ಕ ಹಾಕುವ ಹುಡುಗಿಯೊಬ್ಬಳು ಬಂದಿದ್ದಳು. "ಅಕ್ಕಾ, ಹಿಂದೆಲ್ಲ ಲೆಕ್ಕ ಹಾಕೋಕೆ ಗುಹೇಲಿ ಗಟ್ಟಿಯಾದ ಆ ಸುಣ್ಣದ ಪೊರೆ ಒಂದು ಹಿಡಿಯಷ್ಟು ಬೇಕಾಗ್ತಿತ್ತು," ಎಂದಳು. "ಈಗ ಅಕ್ಕಿಕಾಳಿನಷ್ಟು ಮೂಳೆಗೆ ಅಂಟ್ಕೊಂಡಿದ್ರೂ ಸಾಕು, ವಯಸ್ಸು ಹೇಳ್ತೀನಿ. ಆಮೇಲೆ ನಿಮ್ಮಣ್ಣನ್ನ ಸುಳ್ಳುಗಾರ ಅನ್ನೋಕೆ ಯಾರಿಗೂ ಬಾಯಿ ಇರಲ್ಲ."

ಇದನ್ನು ಬ್ರಷ್ಷಕ್ಕ ಅಣ್ಣನಿಗೆ ಹೇಳಬಾರದಿತ್ತು. ಹೇಳಿಬಿಟ್ಟಳು. ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದವನು, ಅಂದಿನಿಂದ ದಿನಾ ಸಂಜೆ ಬೀಗದ ಸದ್ದಾದ ಕೂಡಲೇ ಒಳಗಿನಿಂದ "ಸಿಕ್ಕಿತಾ?" ಅನ್ನುತ್ತಿದ್ದ. ಪೇಪರಿನವರು ಫೋಟೋ ಹಿಡಿಯಲು ಬಂದರೆ ಚೆನ್ನಾಗಿರಲಿ ಎಂದು ಗಡ್ಡ ಬೇರೆ ಬೋಳಿಸಿಕೊಂಡಿದ್ದ. ಆ ನುಣ್ಣನೆ ಗಲ್ಲದ ಕಡೆ ನೋಡದೆ ಅವಳು ನೇರ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಯಾಕೆಂದರೆ ದವಡೆಯನ್ನು ತೊಳೆದವಳು ಅವಳೇ.

ಆಗ ಕೆಲಸಕ್ಕೆ ಸೇರಿ ಮೂರು ತಿಂಗಳು, ಸೇರಿಸಿದವನೂ ಅಣ್ಣನೇ. ಆಗ ನೆಲಮಾಳಿಗೆಯ ಮುಖ್ಯಸ್ಥರಾಗಿದ್ದ ಹಿರಿಯರೊಬ್ಬರದ್ದು ಒಂದು ಪದ್ಧತಿ ಇತ್ತು. ಶನಿವಾರ ಬೆಳಿಗ್ಗೆ ಬಿಳಿ ಬಟ್ಟೆ ಹಿಡಿದು ಬಂದು ಪ್ರತಿ ಮೂಳೆಯನ್ನೂ ಉಜ್ಜುವುದು, ಬಟ್ಟೆ ಕೊಳೆಯಾದರೆ ಅದನ್ನು ಆ ಕೆಲಸದವರ ಕುರ್ಚಿಗೆ ವಾರವಿಡೀ ನೇತುಹಾಕುವುದು. ಅವಳ ಕುರ್ಚಿಗೆ ಆಗಲೇ ಎರಡು ಸಲ ನೇತಾಡಿತ್ತು. ಮರುದಿನ ಪರೀಕ್ಷೆ ಎನ್ನುವಾಗ, ಒಂದು ಶುಕ್ರವಾರ, ಅಣ್ಣನ ದವಡೆ ಬಂತು. ದಾರದಲ್ಲಿ ಚೀಟಿ ಕಟ್ಟಿದ್ದ. "ಪೊರೆ ಹಾಗೇ ಇರಲಿ. ಅದೇ ಸಾಕ್ಷಿ. ನಾನು ಬರುವತನಕ ತೊಳೆಯಬೇಡಿ." ಅವಳು ಓದಿದಳು. ಓದಿಯೂ ಆಮ್ಲದ ಬೋಗುಣಿಯಲ್ಲಿ ಮುಳುಗಿಸಿದಳು. ಅಣ್ಣ ತಾನೇ, ಬೈದರೆ ಬೈದಾನು ಎಂಬ ಸಲುಗೆ. ಪೊರೆ ನೊರೆಯೆದ್ದು ಕರಗಿತು. ಪುಡಿಯಾಗದಿರಲೆಂದು ಮೂಳೆಗೆ ಅಂಟು ಕುಡಿಸಿದಳು, ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದಳು. ಮರುದಿನ ಬಟ್ಟೆ ಬೆಳ್ಳಗೇ ಉಳಿಯಿತು. ಹಿರಿಯರು ಭೇಷ್ ಅಂದರು. ಅಣ್ಣ ಬಂದು ತಲೆಯ ಮೇಲೆ ಕೈಹೊತ್ತು ಕೂತಾಗ, "ಹಿರಿಯರು ತೊಳೆಸಿದ್ರು" ಅಂದಳು. ಅಣ್ಣ ಅವರ ಮುಖ ನೋಡಲೂ ಹೋಗಲಿಲ್ಲ, ಅವರು ಬೇಗನೆ ಸತ್ತರು. ಸತ್ತವರ ಮೇಲೆ ಗೂಬೆ ಕೂರಿಸಿದರೆ ಅವರೇನು ಎದ್ದು ಬಂದು ಓಡಿಸುತ್ತಾರೆಯೇ?

ಮಂಗಳವಾರ ಮಧ್ಯಾಹ್ನದ ತನಕ ಹಲ್ಲಿನ ಬೇರು, ಸಂದು, ಮೂಳೆಯ ತೂತು ಒಂದನ್ನೂ ಬಿಡದೆ ನೋಡಿದಳು. ಆಮೇಲೆ ಹುಡುಗಿಯೂ ನೋಡಿದಳು.

"ಒಂದು ಚೂರೂ ಇಲ್ಲ ಅಕ್ಕಾ. ಅಂಟು ಕುಡಿದ ಮೂಳೆಯಿಂದ ಲೆಕ್ಕ ಸಿಗಲ್ಲ."

"ಹಲ್ಲಿಂದ?"

"ಅದಕ್ಕೆ ಅದು ಹೂತಿದ್ದ ಮಣ್ಣು ಬೇಕು. ಗುಡ್ಡಾನೇ ಇಲ್ವಲ್ಲ." ಹುಡುಗಿ ದವಡೆಯನ್ನು ಡಬ್ಬಿಗಿಟ್ಟಳು. "ಯಾರು ತೊಳೆದ್ರೋ ಮಹಾನುಭಾವರು, ಅವರ ಕೈಗೊಂದು ದೊಡ್ಡ ನಮಸ್ಕಾರ."

ಸಂಜೆ ಬೀಗ ತೆಗೆದಳು.

"ಸಿಕ್ಕಿತಾ?"

"ಇಲ್ಲ ಅಣ್ಣ. ಏನೂ ಉಳಿದಿಲ್ಲ."

"ಆ ಮುದುಕ," ಎಂದ ಅವನು ಅರ್ಧ ಬಾಯಿಯಲ್ಲಿ. "ನನ್ನ ಬಾಳನ್ನೇ ಉಜ್ಜಿ ಹೋದ."

ಎಂದಿನಂತೆ ಹೂಂಗುಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಆ ಸುಳ್ಳನ್ನು ಹೊತ್ತು ಹೊತ್ತು ಸಾಕಾಗಿತ್ತು.

"ಅವರಲ್ಲ ಅಣ್ಣ. ತೊಳೆದಿದ್ದು ನಾನು. ನಿನ್ನ ಚೀಟಿ ಓದಿದ್ದೆ. ಮತ್ತೆ ಕುರ್ಚಿಗೆ ಬಟ್ಟೆ ನೇತುಹಾಕ್ತಾರೆ ಅಂತ ಹೆದರಿಕೆಯಾಯ್ತು."

ಬೈಗುಳಕ್ಕೆ ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ಸಾಕ್ಷಿ ಅಂತ ಬರೆದಿದ್ನಲ್ಲ," ಎಂದ ಅಣ್ಣ ನಿಧಾನಕ್ಕೆ. "ಹಾಗಾದ್ರೆ ನೀನೂ ನನ್ನ ನಂಬಿರಲಿಲ್ವಾ?"

ನಂಬಿದ್ದಳೇ? ಆ ಶುಕ್ರವಾರ ಅವಳು ಅಣ್ಣನ ಸಾಕ್ಷಿಯನ್ನು ನೆನೆದೇ ಇರಲಿಲ್ಲ, ನೆನೆದದ್ದು ಕುರ್ಚಿಯನ್ನು. ಹಾಗೆಂದು ಹೇಳುವ ಬದಲು ದೀಪ ಹಚ್ಚಲು ಎದ್ದಳು. ಅದನ್ನೇ ಅವನು ಉತ್ತರವೆಂದು ತೆಗೆದುಕೊಂಡ.

ಬುಧವಾರ ಬೀಗದ ಸದ್ದಿಗೆ ಒಳಗಿನಿಂದ ಯಾವ ದನಿಯೂ ಬರಲಿಲ್ಲ. ಅಣ್ಣ ಎಚ್ಚರವಾಗಿಯೇ ಇದ್ದ, ಗೋಡೆ ನೋಡುತ್ತ. ಅವಳು ಊಟ ಮಾಡಿಸಿದಳು. ಸೊಟ್ಟ ಬಾಯಿಂದ ಸೋರಿದ್ದನ್ನು ಒರೆಸಿ, ಅಭ್ಯಾಸಬಲದಿಂದ ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಬೆಳ್ಳಗಿದೆಯಾ?" ಎಂದ ಅಣ್ಣ.

ಆಮೇಲೆ ಅವನು ಅವಳನ್ನು ಏನನ್ನೂ ಕೇಳಲಿಲ್ಲ.