ಗೆಣಸಿಗೆ ಕಿವಿಗೊಟ್ಟ ಅಯಾಂಡೆಲೆ

ಅಯಾಂಡೆಲೆಯವರು ಗೆಣಸನ್ನು ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಲಾರಿಯಿಂದಿಳಿದ ತೊಡೆಗಾತ್ರದ ಹೆಗ್ಗೆಣಸನ್ನು ಎಡತೋಳಿನಲ್ಲಿ ಮಗುವಿನಂತೆ ಅವಚಿಕೊಂಡು, ಬಲಗೈಯ ಬೆರಳಗೆಣ್ಣಿನಿಂದ ಬುಡದಿಂದ ತುದಿಯವರೆಗೆ ಮೂರು ಸಲ ತಟ್ಟಿ, ತಲೆಯನ್ನು ಒಂದಿಷ್ಟು ವಾಲಿಸಿ, "ಇದು ಒಳಗೊಳಗೇ ಅಳ್ತಿದೆ" ಎಂದರೆ ಮುಗಿಯಿತು. ಸೀಳಿದರೆ ನಟ್ಟನಡುವೆ ಕೊಳೆ ಇದ್ದೇ ಇರುತ್ತಿತ್ತು. ತಲೆಮಾರುಗಳಿಂದ ಅರಮನೆಯ ಡೋಲು ಬಾರಿಸಿದ ಮನೆತನದ ಕಿವಿ ಅದು.

ಏಕಿಟಿ ಸೀಮೆಯ ನಮ್ಮ ಊರಿನಲ್ಲಿ ದಿಢೀರ್ ಗೆಣಸಿನ ಹಿಟ್ಟಿನ ಕಾರ್ಖಾನೆ ಶುರುವಾದ ಕಾಲವದು. ಹಿಟ್ಟಿನ ತೇವ ಅಳೆಯುವ ಕೆಲಸ ನನ್ನದು, ಗೇಟಿನಲ್ಲಿ ಗೆಣಸು ಆರಿಸುವ ಕೆಲಸ ಅವರದು. ನನ್ನ ಯಂತ್ರ ವಾರಕ್ಕೊಮ್ಮೆಯಾದರೂ ಕೈಕೊಡುತ್ತಿತ್ತು. ಅವರು ಮಾತ್ರ ರೈಲ್ವೆಯಲ್ಲಿದ್ದ ಅಣ್ಣನ ಹಳೆಯ ನೀಲಿ ಕೋಟನ್ನು ಸುಡುಬಿಸಿಲಲ್ಲೂ ಬಿಚ್ಚದೆ, ಬಲತೋಳನ್ನಷ್ಟೇ ಮೊಣಕೈವರೆಗೆ ಮಡಚಿಕೊಂಡು, ತಾಳ ಹಾಕುವವರ ಹಾಗೆ ಎರಡು ಹೆಜ್ಜೆಗೊಮ್ಮೆ ತುಸು ನಿಂತು ನಡೆಯುತ್ತ, ರಾಶಿಯಿಂದ ರಾಶಿಗೆ ಸಾಗುತ್ತಿದ್ದರು.

"ಬಾಬಾ, ಇದೇನು ಗೆಣಸೋ, ಮದುವೆ ಡೋಲೋ? ಬೇಗ ಮುಗಿಸಿ," ಎಂದು ಗೆಣಸು ಬೆಳೆಯುವ ಬೆನುವೆ ಸೀಮೆಯ ಲಾರಿ ಚಾಲಕನೊಬ್ಬ ಗೊಣಗಿದಾಗ, "ಡೋಲಾಗಿದ್ರೆ ನಿನ್ನನ್ನೂ ಕುಣಿಸ್ತಿದ್ದೆ, ಸುಮ್ನೆ ಕೂತ್ಕೋ" ಎಂದು ಮುಂದಿನ ಗೆಣಸನ್ನೆತ್ತಿಕೊಂಡಿದ್ದರು.

ಸುಗ್ಗಿಯ ಅರ್ಧ ಗೆಣಸು ಕಣಜದಲ್ಲೇ ಕೊಳೆತುಹೋಗುತ್ತಿದ್ದ ನಾಡು ನಮ್ಮದು. ಅದನ್ನು ಸುಲಿದು, ಹೆಚ್ಚಿ, ಬೇಯಿಸಿ, ಒಣಗಿಸಿ, ಬೀಸಿ, ವರ್ಷವಿಡೀ ಕೆಡದ, ಬಿಸಿನೀರಿಗೆ ಹಾಕಿ ತಿರುವಿದರೆ ಮುದ್ದೆಯಾಗುವ ಬಿಳಿ ಹಿಟ್ಟು ಮಾಡುವ ಕಾರ್ಖಾನೆಯ ಮೇಲೆ ಅವರಿಗೆ ಅಪಾರ ಗೌರವವಿತ್ತು. ಆದರೆ ಆ ಹಿಟ್ಟನ್ನು ಅವರು ತಿನ್ನುತ್ತಿರಲಿಲ್ಲ. "ಸದ್ದಿಲ್ದೆ ಆಗಿದ್ದು ಮುದ್ದೆ ಅಲ್ಲ" ಎಂಬುದು ಅವರ ಹಟ. ಮನೆಯಲ್ಲಿ ಹೆಂಡತಿ ಅಬೇಕೆ, ಬೆಂದ ಗೆಣಸನ್ನು ಒರಳಿಗೆ ಹಾಕಿ ಮೂವತ್ತು ವರ್ಷ ಒನಕೆಯಿಂದ ಕುಟ್ಟಿದ್ದರು. ಮುದ್ದೆಯಲ್ಲಿ ಗಂಟು ಸಿಕ್ಕರೆ ಅಯಾಂಡೆಲೆ ಅದನ್ನು ತಟ್ಟೆಯಂಚಿಗಿಟ್ಟು, "ಅಬೇಕೆ, ಒಂದು ಕಲ್ಲು ಸಿಕ್ತು" ಎಂದು ಕೂಗುವುದು, ಒಳಗಿನಿಂದ ಆಕೆ, "ಹಲ್ಲಿದ್ರೆ ಅಗೀರಿ, ಇಲ್ದಿದ್ರೆ ನುಂಗಿ!" ಎನ್ನುವುದು ಆ ಮನೆಯ ನಿತ್ಯದ ಸರಸ.

ಒಂದು ಮಧ್ಯಾಹ್ನ ಅಬೇಕೆ ಕಾರ್ಖಾನೆಯ ಹಿಂಬಾಗಿಲಿಗೆ ಬಂದು ನನ್ನನ್ನು ಕರೆಸಿದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ಭುಜ ಎತ್ತೋಕಾಗ್ತಿಲ್ಲ, ಮಗಾ. ಒಂದು ಪೊಟ್ಟಣ ಹಿಟ್ಟು ಕೊಡು. ನಿಮ್ಮ ಬಾಬಾಗೆ ಗೊತ್ತಾಗ್ಬಾರ್ದು."

"ಹೇಳ್ಬಿಡಿ ಅಮ್ಮ, ಅವರೇನು ಬೈತಾರಾ?"

"ಬೈಯಲ್ಲ. ಕುಟ್ಟೋಕೆ ಇನ್ಯಾರನ್ನೋ ಕರ್ಕೊಂಡು ಬರ್ತಾರೆ. ನನ್ನ ಒರಳಿಗೆ ಬೇರೆಯವಳ ಕೈ ಬಿದ್ಮೇಲೆ, ಆ ಮನೇಲಿ ನಾನ್ಯಾಕಿರ್ಬೇಕು?"

ಪೊಟ್ಟಣ ಕೊಟ್ಟೆ. ಅದು ಮುಗಿದಾಗಲೆಲ್ಲ ಬಂದು ಇನ್ನೊಂದನ್ನು ಒಯ್ಯುತ್ತ, ತಾನು ಹೂಡಿದ ಆಟವನ್ನೂ ನನಗೆ ಹೇಳುತ್ತಿದ್ದರು. ಅಂದಿನಿಂದ ಆಕೆ ಬಿಸಿನೀರಿನಲ್ಲಿ ಹಿಟ್ಟು ತಿರುವಿ ಮುಚ್ಚಿಟ್ಟು, ಒರಳಿನೊಳಗೆ ಒದ್ದೆ ಬಟ್ಟೆ ಮಡಚಿ ಹಾಕಿ, ಎಡಗೈಯಲ್ಲಿ ಒನಕೆ ಹಿಡಿದು ಗಂಡನಿಗೆ ಸದ್ದು ಕೇಳಲೆಂದು ಬರಿದೇ ಕುಟ್ಟತೊಡಗಿದರು. ನಾಲ್ಕು ಬೆರಳು ಆಳದ ಕೊಳೆಯನ್ನು ಕೇಳಿಸಿಕೊಳ್ಳುವ ಕಿವಿ ಬಟ್ಟೆಯ ತುಂಡಿಗೆ ಮೋಸಹೋಗುವುದುಂಟೆ?

ಎರಡು ತಿಂಗಳಾದರೂ ಗೇಟಿನಲ್ಲಿ ಅಯಾಂಡೆಲೆಯವರು ಆ ಸುದ್ದಿಯನ್ನೇ ಎತ್ತಲಿಲ್ಲ. ಕೊನೆಗೊಂದು ಭಾನುವಾರ ನನ್ನನ್ನು ಊಟಕ್ಕೆ ಕರೆದರು. ಜಗುಲಿಯ ಮೇಲೆ ಕೂತೆವು. ಹಿತ್ತಿಲಿನಿಂದ ಒನಕೆಯ ಸದ್ದು ಬರತೊಡಗಿತು. ನಿಜವಾದ ಗೆಣಸಾದರೆ ಮೊದಲು ಹೋಳುಗಳ ಒಡಕು ಸದ್ದು, ಬರಬರುತ್ತ ಒನಕೆಗೆ ಅಂಟಿ ಬಿಡುವ ಜಿಗುಟು ಸದ್ದು. ಇದೋ, ಮೊದಲಿನಿಂದ ಕೊನೆಯವರೆಗೂ ಒಂದೇ. ನನಗೇ ತಿಳಿಯಿತು. ಅಯಾಂಡೆಲೆಯವರು ತಲೆಯನ್ನು ಒಂದಿಷ್ಟು ವಾಲಿಸಿ ಕೂತಿದ್ದರು, ಗೇಟಿನಲ್ಲಿ ಗೆಣಸು ತಟ್ಟಿದ ಮೇಲೆ ವಾಲಿಸುತ್ತಿದ್ದಂತೆಯೇ.

ಅಬೇಕೆ ಬೆವರೊರೆಸಿಕೊಳ್ಳುತ್ತ ಮುದ್ದೆಯನ್ನೂ ಎಗುಸಿ ಬೀಜದ ಸಾರನ್ನೂ ಇಟ್ಟು ಒಳಗೆ ಹೋದರು. ನುಣ್ಣನೆಯ ಮುದ್ದೆ. ನಾವೇ ಜರಡಿ ಹಿಡಿದ ಹಿಟ್ಟು. ಗಂಟು ಬರುವುದಾದರೂ ಎಲ್ಲಿಂದ? ಅಯಾಂಡೆಲೆಯವರು ಒಂದು ತುತ್ತು ಮುರಿದು ಸಾರಿನಲ್ಲದ್ದಿ ನುಂಗಿದರು. ಇನ್ನೊಂದನ್ನು ನಾಲಿಗೆಯ ಮೇಲೆ ಹೊರಳಿಸಿದರು. ಆಮೇಲೆ ಗೋಡೆಯಾಚೆಗೆ ಕೇಳುವಂತೆ ದನಿಯೆತ್ತಿ ಕೂಗಿದರು:

"ಅಬೇಕೆ! ಇವತ್ತೂ ಒಂದು ಕಲ್ಲು ಸಿಕ್ತು ನೋಡು!"

ಒಳಗಿನಿಂದ ಗೆದ್ದವಳ ನಗು ತೇಲಿಬಂತು. "ಹಲ್ಲಿದ್ರೆ ಅಗೀರಿ, ಇಲ್ದಿದ್ರೆ ನುಂಗಿ!"

ತಟ್ಟೆಯಂಚಿನಲ್ಲಿ ಏನೂ ಇರಲಿಲ್ಲ. ಅವರು ನನ್ನ ಕಡೆ ನೋಡದೆ, "ತಿನ್ನು, ಆರಿದ್ರೆ ಚೆನ್ನಾಗಿರಲ್ಲ" ಎಂದರು.

ಇಬ್ಬರೂ ಈಗಿಲ್ಲ. ಆಕೆಗೆ ಅವರು ಹೇಳಲಿಲ್ಲ, ಅವರಿಗೆ ಆಕೆ ಹೇಳಲಿಲ್ಲ, ಇಬ್ಬರಿಗೂ ನಾನು ಹೇಳಲಿಲ್ಲ. ಇಂದಿಗೂ ಯಾವುದೋ ಹಿತ್ತಿಲಿನಲ್ಲಿ ಒನಕೆಯ ಸದ್ದು ಕೇಳಿದರೆ ನಾನೂ ತಲೆಯನ್ನು ಒಂದಿಷ್ಟು ವಾಲಿಸಿ ನಿಲ್ಲುತ್ತೇನೆ. ತಟ್ಟಿ ನೋಡಿ ಒಳಗಿನ ಕೊಳೆಯನ್ನು ಸಾರಿ ಹೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವರಿಂದ ಲೋಕಕ್ಕೆ ಉಪಕಾರವೂ ಇದೆ. ಆದರೆ ಒರಳಿನೊಳಗೆ ಗೆಣಸೇ ಇಲ್ಲವೆಂದು ಮೊದಲ ಪೆಟ್ಟಿಗೇ ತಿಳಿದೂ, ಕುಟ್ಟುವ ಕೈ ದಣಿದಿದೆಯೆಂದು ಅರಿತು, ಇಲ್ಲದ ಗಂಟನ್ನು ಸಿಕ್ಕಿತೆಂದು ಕೂಗುವ ಜನವೂ ಒಂದಿದೆ. ಸಂಸಾರಗಳು ನಿಂತಿರುವುದು ಅವರಿಂದ.