ಅವರು ಬಂದು ಹೋಗೋವರೆಗೆ

“ಹೇಗಿದೆ ಇಂಜಿನಿಯರಮ್ಮ?” ಎಂದು ಕೇಳಿ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಹೊಗಳಿಕೆಗೆ ಕಾಯುತ್ತಿರುವುದನ್ನು ಮುಖದಲ್ಲಿ ಮುಚ್ಚಿಡುವುದು ಇಷ್ಟು ವಯಸ್ಸಾದರೂ ಅವನಿಗೆ ಬಂದಿರಲಿಲ್ಲ.

ಇಂಜಿನಿಯರಮ್ಮ ದಾರಿಯುದ್ದಕ್ಕೂ ಕಣ್ಣು ಹಾಯಿಸಿದಳು. ಉದ್ಯಾನದ ಗೇಟಿನಿಂದ ಹಳ್ಳದ ತಿರುವಿನವರೆಗೂ ಕಾಲುದಾರಿಯ ಅಂಚಿನ ಕಲ್ಲುಗಳಿಗೆಲ್ಲ ಸುಣ್ಣ ಬಳಿದಿದ್ದರು. ದಾರಿಯ ಮೇಲೆ ಹೊಸ ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ಪೊರಕೆಯ ಗೀರು ಕೂಡ ಒಂದೇ ಕಡೆಗೆ ಬರುವಂತೆ ಗುಡಿಸಿದ್ದರು. ನಗರಸಭೆಯ ವರಾಂಡದಲ್ಲಿರಬೇಕಾದ ಹೂಕುಂಡಗಳು ಇಲ್ಲಿಗೆ ಬಂದು ಸಾಲಾಗಿ ನಿಂತಿದ್ದವು. ಅದೆಲ್ಲ ಹಾಳಾಗಿ ಹೋಗಲಿ, ಎರಡು ಮಳೆಗಾಲದ ಹಿಂದೆ ಹಳ್ಳ ಉಕ್ಕಿ, ತಡೆಗೋಡೆಯ ಸಮೇತ ದಾರಿಯನ್ನು ಕೊಚ್ಚಿಕೊಂಡು ಹೋದಾಗ ಬಿದ್ದಿದ್ದ ಆಳೆತ್ತರದ ಕೊರಕಲು ಈಗ ಕಾಣುತ್ತಲೇ ಇರಲಿಲ್ಲ. ಅದರ ಮೇಲೂ ಕೆಮ್ಮಣ್ಣು, ಪೊರಕೆಯ ಗೀರು.

“ಕೆಳಗೆ ಏನು ಹಾಕಿದೀರಿ?” ಎಂದು ಕೇಳಿದಳು.

“ರೆಂಬೆ, ಕಸದ ಮೂಟೆ, ಮೇಲೆ ಒಂದು ನಾಲ್ಕು ಹಲಗೆ. ಹಲಗೆ ಮೇಲೆ ಮಣ್ಣು. ಭಾನುವಾರ ಅಂತಲೂ ನೋಡದೆ ನಮ್ಮ ಹುಡುಗರೆಲ್ಲ ಬಂದು ದುಡಿದ್ರಮ್ಮ.”

“ಇದು ಎಷ್ಟು ದಿನ ನಿಲ್ಲುತ್ತೆ ಮೇಸ್ತ್ರಿ?”

“ಅವರು ಬಂದು ಹೋಗೋವರೆಗೆ ನಿಲ್ಲುತ್ತೆ,” ಎಂದ ಮೇಸ್ತ್ರಿ. ಇದಕ್ಕಿಂತ ಹೆಚ್ಚು ಯಾಕೆ ನಿಲ್ಲಬೇಕು ಎಂಬ ಆಶ್ಚರ್ಯವೂ ಆ ದನಿಯಲ್ಲಿತ್ತು.

ತಪ್ಪು ಅವನದ್ದಲ್ಲ. ಆ ನಗರಸಭೆಯಲ್ಲಿ ಕೆಲಸಕ್ಕೆ ಸೇರಿದವನು ಮೊದಲು ಕಲಿಯುತ್ತಿದ್ದ ವಿದ್ಯೆಯೇ ಅದು. ಯಾರಾದರೂ ದೊಡ್ಡವರು ಬರುತ್ತಾರೆ ಎಂದರೆ ಗುಂಡಿ ಮುಚ್ಚು, ಸುಣ್ಣ ಬಳಿ, ಕುಂಡ ಇಡು. ಅವರ ಕಾರು ತಿರುವು ದಾಟಿದ ಮೇಲೆ ಕುಂಡ ವಾಪಸು, ಗುಂಡಿ ತನ್ನ ಪಾಡಿಗೆ ತಾನು ಬಾಯಿ ಬಿಡುತ್ತದೆ. ಮೇಸ್ತ್ರಿ ಈ ವಿದ್ಯೆಯಲ್ಲಿ ಪಳಗಿದವನು. ಅವನು ಮುಚ್ಚಿದ ಗುಂಡಿಯ ಮೇಲೆ ಮಂತ್ರಿಗಳು ನಿಂತು ಭಾಷಣ ಮಾಡಿ ಹೋದದ್ದೂ ಇದೆ.

ಆದರೆ ಇವತ್ತು ಬರುವವರು ಆ ಕೊರಕಲನ್ನೇ ನೋಡಲು ಬರುವವರು. ಹಾಳಾದ ಕಾಲುದಾರಿಗಳನ್ನು ಮತ್ತೆ ಕಟ್ಟಲು ಅನುದಾನ ಕೊಡುವ ನಿಧಿಯೊಂದಕ್ಕೆ ಇಂಜಿನಿಯರಮ್ಮ ಅರ್ಜಿ ಹಾಕಿದ್ದಳು. ಹಿಂದೆ ಎರಡು ಸಲ ಹಾಕಿ ಎರಡು ಸಲವೂ ತಿರಸ್ಕಾರವಾಗಿತ್ತು. ಈ ಸಲ ಸ್ಥಳ ಪರಿಶೀಲನೆಯ ಹಂತಕ್ಕೆ ಬಂದಿದೆ. ಈ ಸಲವೂ ದುಡ್ಡು ಬರದಿದ್ದರೆ ದಾರಿಗೆ ಬೇಲಿ ಹಾಕಿ, ಗೇಟಿನ ಪಕ್ಕದ ಜಾಗವನ್ನು ಕಾರು ನಿಲ್ಲಿಸಲು ಕೊಡುವುದೆಂದು ಸದಸ್ಯರು ಸಭೆಯಲ್ಲಿ ತೀರ್ಮಾನ ಮಾಡಿಯೇ ಬಿಟ್ಟಿದ್ದರು. ಅರ್ಜಿಯನ್ನು ಅವಳು ತಿಂಗಳುಗಟ್ಟಲೆ ಕಚೇರಿಯ ಮೂಲೆಯಲ್ಲಿ ಕೂತು ಒಬ್ಬಳೇ ತಯಾರು ಮಾಡಿದ್ದಳು. ಮೇಸ್ತ್ರಿಗಾಗಲಿ ಅವನ ಕೈಕೆಳಗಿನ ತೋಟದ ಹುಡುಗರಿಗಾಗಲಿ ಅದರ ತಲೆಬುಡ ಹೇಳಿರಲಿಲ್ಲ. ಶನಿವಾರ ಹೊರಡುವ ಗಡಿಬಿಡಿಯಲ್ಲಿ, “ಸೋಮವಾರ ದೊಡ್ಡವರು ಬರ್ತಾರೆ ಮೇಸ್ತ್ರಿ, ಸ್ವಲ್ಪ ನೋಡ್ಕೊಳ್ಳಿ,” ಎಂದು ಒಂದು ಮಾತು ಎಸೆದು ಹೋಗಿದ್ದಳು. ಅವನು ನೋಡಿಕೊಂಡಿದ್ದ.

ಈ ದಾರಿಯ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನಿಂದ. ಪಾರ್ಶ್ವವಾಯು ಹೊಡೆದು ಎಡಗಾಲು ಎಳೆಯುವಂತಾದ ಮೇಲೆ ಡಾಕ್ಟರು ದಿನಾ ನಡೆಯಿರಿ, ಸಮತಟ್ಟಾದ ಜಾಗದಲ್ಲಿ ನಡೆಯಿರಿ ಎಂದಿದ್ದರು. ಊರಲ್ಲಿ ವಾಹನ ಬಾರದ, ಏರಿಳಿತವಿಲ್ಲದ ದಾರಿ ಇದ್ದದ್ದು ಇದೊಂದೇ. ಈಗ ಅಪ್ಪ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಗಾಣದೆತ್ತಿನ ಹಾಗೆ ಸುತ್ತುತ್ತಾರೆ. ಅವಳು ಸಂಜೆ ಮನೆಗೆ ಬಂದಾಗ, “ಏನಮ್ಮಾ, ನಿನ್ನ ಹೆದ್ದಾರಿ ಎಲ್ಲಿಗೆ ಬಂತು?” ಎಂದು ರೇಗಿಸುತ್ತಾರೆ. ರೇಗಿಸಿದ ಮನುಷ್ಯ ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಾರೆ.

“ಮೇಸ್ತ್ರಿ, ಬೇಗ, ಇದನ್ನ ತೆಗೆಸಿಬಿಡಿ,” ಎಂದಳು.

“ತೆಗೆಸೋದಾ?” ಮೇಸ್ತ್ರಿಯ ನಗು ಮುಖದ ಮೇಲೆಯೇ ನಿಂತುಹೋಯಿತು. “ಯಾಕಮ್ಮ, ಸರಿಯಾಗಿಲ್ವಾ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹತ್ತಿರ ಎರಡು ಕಾರುಗಳ ಬಾಗಿಲು ಬಡಿದ ಸದ್ದಾಯಿತು. ಕಮಿಷನರ್ ಸಾಹೇಬರು ಒಂದು ಮೀಟಿಂಗಿಗೂ ಹೇಳಿದ ಹೊತ್ತಿಗೆ ಬಂದವರಲ್ಲ. ಇವತ್ತು ಹೊತ್ತಿಗೆ ಮುಂಚೆಯೇ ಬಂದಿದ್ದರು. ಜೊತೆಗೆ ನಿಧಿಯ ಕಡೆಯ ಹೆಂಗಸು, ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡಿದ್ದವರು.

“ನೋಡಿ ಮೇಡಂ, ನಮ್ಮ ಸಿಬ್ಬಂದಿ ಹೇಗಿಟ್ಟಿದ್ದಾರೆ!” ಎಂದು ಸಾಹೇಬರು ದಾರಿಯುದ್ದಕ್ಕೂ ಕೈ ಬೀಸಿದರು. ತಮ್ಮ ಮದುವೆಯ ಚಪ್ಪರ ತೋರಿಸುವವರ ಸಂಭ್ರಮ ಅವರಿಗೆ.

ಆ ಹೆಂಗಸು ಕೊರಕಲಿದ್ದ ಜಾಗದ ಹತ್ತಿರ ಬಂದು, ಚೀಲದಿಂದ ಅರ್ಜಿಯ ಜೊತೆ ಕಳಿಸಿದ್ದ ಫೋಟೋ ತೆಗೆದು, ಒಮ್ಮೆ ಅದನ್ನೂ ಒಮ್ಮೆ ನೆಲವನ್ನೂ ನೋಡಿದರು. “ಇದೇ ಜಾಗ ಅಲ್ವಾ? ಫೋಟೋದಲ್ಲಿ ಕೊಚ್ಚಿ ಹೋಗಿದೆ. ಇಲ್ಲಿ ನೋಡಿದ್ರೆ ನಮ್ಮನೆ ಅಂಗಳಕ್ಕಿಂತ ಚೆನ್ನಾಗಿದೆ.”

“ಸ್ವಲ್ಪ ನಾವೇ ಮಾಡ್ಕೊಂಡಿದೀವಿ ಮೇಡಂ,” ಎಂದರು ಸಾಹೇಬರು. “ನಿಮ್ಮ ದುಡ್ಡು ಬಂದ್ರೆ ಇನ್ನೂ ಚೆಂದ ಮಾಡ್ತೀವಿ.”

“ಚೆಂದ ಮಾಡೋಕೆ ನಾವು ಕೊಡಲ್ಲ ಸರ್. ಬಿದ್ದಿರೋದನ್ನ ಎತ್ತೋಕೆ ಕೊಡ್ತೀವಿ. ಕಾಯ್ತಾ ಇರೋ ಊರುಗಳು ಬೇಕಾದಷ್ಟಿವೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಫೋಟೋವನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಮುಚ್ಚಿದರು. “ಫೋಟೋ ನಂಬಿ ಬಂದೆ. ನಾನು ಬರೆಯೋದು ಕಣ್ಣಿಗೆ ಕಂಡಿದ್ದನ್ನ ಮಾತ್ರ.”

ಸಾಹೇಬರು ನಗುತ್ತಲೇ ಇದ್ದರು. ಅವರಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿ ನಗುವೊಂದೇ ದಾರಿ ಎಂದುಕೊಂಡಿದ್ದರೋ ಹೇಳುವುದು ಕಷ್ಟ. ಮೇಸ್ತ್ರಿ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಎಲ್ಲೋ ಏನೋ ಎಡವಟ್ಟಾಗಿದೆ, ಅದು ತನ್ನ ಕೈಯಿಂದಲೇ ಆಗಿದೆ ಎಂಬುದು ಅವನಿಗೆ ನಿಧಾನವಾಗಿ ಹೊಳೆಯುತ್ತಿತ್ತು.

“ಮೇಡಂ, ಒಂದು ನಿಮಿಷ,” ಎಂದಳು ಇಂಜಿನಿಯರಮ್ಮ. “ಇದು ದಾರಿ ಅಲ್ಲ. ನಿನ್ನೆ ಮುಚ್ಚಿದ್ದು. ಕೆಳಗೆ ಬರೀ ಕಸ ಇದೆ.”

ಸಾಹೇಬರ ನಗು ಆಗ ನಿಂತಿತು. “ಏನ್ರೀ ಮಾತಾಡ್ತಾ ಇದೀರಿ?”

“ಇದ್ದಿದ್ದನ್ನೇ ಹೇಳ್ತಾ ಇದೀನಿ ಸರ್. ಮೇಸ್ತ್ರಿಯದೇನೂ ತಪ್ಪಿಲ್ಲ. ಮೇಡಂ ಯಾತಕ್ಕೆ ಬರ್ತಾರೆ ಅಂತ ಇವರಿಗೆ ನಾನು ಹೇಳಲಿಲ್ಲ. ದೊಡ್ಡವರು ಬರ್ತಾರೆ ಅಂದೆ ಅಷ್ಟೆ.” ಮೇಸ್ತ್ರಿಯ ಕಡೆ ನೋಡುವ ಧೈರ್ಯವಾಗದೆ ಅವಳು ಹಿಂದೆ ಗುಂಪಾಗಿ ನಿಂತಿದ್ದ ತೋಟದ ಹುಡುಗರತ್ತ ತಿರುಗಿದಳು. “ಆ ಹಾರೆ ಕೊಡ್ರಪ್ಪ ಇಲ್ಲಿ.”

ಹುಡುಗರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡುತ್ತಿದ್ದ. ಯಾರೂ ಅಲುಗಾಡದಿದ್ದಾಗ ಅವಳೇ ಹೋಗಿ ಮರಕ್ಕೆ ಒರಗಿಸಿದ್ದ ಹಾರೆ ಎತ್ತಿಕೊಂಡು ಬಂದಳು. ಡ್ರಾಯಿಂಗಿನಲ್ಲಿ ಎಷ್ಟೋ ಅಗೆದಿದ್ದರೂ ಕೈಯಲ್ಲಿ ಅಗೆದವಳಲ್ಲ. ಮೊದಲ ಏಟು ಹಲಗೆಗೆ ಬಿದ್ದು ಠಣ್ಣನೆ ಹಿಂದಕ್ಕೆ ಚಿಮ್ಮಿ, ಮೊಣಕೈವರೆಗೂ ಜೋಮು ಹಿಡಿಯಿತು. ಎರಡನೆಯ ಏಟೂ ಅಷ್ಟೇ. ಅಂಗೈ ಉರಿಯತೊಡಗಿದರೂ ಬಿಡಲಿಲ್ಲ. ಬಿಟ್ಟರೆ ಸಂಜೆ ಮನೆಗೆ ಹೋಗಿ ಅಪ್ಪನಿಗೆ ಏನು ಹೇಳುವುದು? ಇಲ್ಲ, ಅದೂ ಅಲ್ಲ. ಬಿಡಲು ಮನಸ್ಸಿಲ್ಲ, ಅಷ್ಟೇ. ಹಾರೆಯನ್ನು ಮೂರನೆಯ ಸಲ ಎತ್ತಿದಳು.

“ಸಾಕು ಕೊಡಿ,” ಎಂದು ಮೇಸ್ತ್ರಿಯ ಕೈ ಹಾರೆಯ ಮೇಲೆ ಬಂತು. “ಕಾಲ ಮೇಲೆ ಹಾಕ್ಕೊಂಡೀರಿ.”

“ಮೇಸ್ತ್ರಿ, ನಾನು...”

“ಮುಚ್ಚಿದೋನು ನಾನು. ಎಲ್ಲಿ ಮೀಟಿದ್ರೆ ಬರುತ್ತೆ ಅಂತ ನಂಗೆ ಗೊತ್ತು. ನೀವು ಆಚೆ ನಿಂತ್ಕೊಳ್ಳಿ.” ಅವನ ದನಿ ಬಿರುಸಾಗಿತ್ತು. ಅವಳ ಕಡೆ ನೋಡಲಿಲ್ಲ. ಹಲಗೆಯ ತುದಿಗೆ ಹಾರೆ ಕೊಟ್ಟು ಒಮ್ಮೆ ಮೈಭಾರ ಹಾಕಿದ. ಹಲಗೆ ಎದ್ದಿತು. ಕೆಮ್ಮಣ್ಣು, ಅದರ ಮೇಲಿನ ನೀಟಾದ ಗೀರುಗಳ ಸಮೇತ, ಧೊಪ್ಪೆಂದು ಒಳಗೆ ಕುಸಿಯಿತು. ಇನ್ನೊಂದು ಹಲಗೆ. ಆಮೇಲೆ ಹುಡುಗರೂ ಬಂದು ಮೂಟೆಗಳನ್ನು ಎಳೆದರು. ಭಾನುವಾರ ಇಡೀ ಮಾಡಿದ್ದು ಉಂಡ ಎಲೆ ಎತ್ತಿ ಬಿಸಾಡಿದಷ್ಟು ಹೊತ್ತಿನಲ್ಲಿ ಹೋಯಿತು. ಕೆಳಗೆ ಮುರಿದ ತಡೆಗೋಡೆಯ ಕಬ್ಬಿಣದ ಸರಳುಗಳು ಕಂಡವು. ಅವುಗಳ ನಡುವೆ ಹಳ್ಳದ ನೀರು ಇನ್ನೂ ಸ್ವಲ್ಪ ಸ್ವಲ್ಪವೇ ಮಣ್ಣು ತಿನ್ನುತ್ತಿತ್ತು.

ನಿಧಿಯ ಹೆಂಗಸು ಅಂಚಿಗೆ ಬಂದು ಮಂಡಿಯೂರಿ ಕೂತು ಬಹಳ ಹೊತ್ತು ಒಳಗೆ ನೋಡಿದರು. “ಇದರ ಆಚೆ ದಾರಿ ಎಷ್ಟು ದೂರ ಇದೆ?”

“ಹಳ್ಳದ ಜೊತೆಗೇ ಹೋಗಿ ಶಾಲೆ ಹಿಂದಕ್ಕೆ ಸೇರುತ್ತೆ,” ಎಂದ ಮೇಸ್ತ್ರಿ. “ಆಚೆ ನಾವು ಏನೂ ಮಾಡಿಲ್ಲಮ್ಮ. ಸುಣ್ಣ ಇಲ್ಲ, ಕಸ ಗುಡಿಸಿಲ್ಲ. ಬಂದವರು ಯಾರೂ ಈ ತಿರುವು ದಾಟಲ್ಲ. ಇಲ್ಲೇ ಫೋಟೋ ತೆಗೆಸ್ಕೊಂಡು ಹೋಗ್ತಾರೆ.”

“ಹಾಗಾದ್ರೆ ಅದನ್ನೇ ನೋಡಬೇಕು. ಜನ ಹೇಗೆ ದಾಟ್ತಾರೆ?”

“ಆಗೋರು ಮೇಲಿನ ದಂಡೇಲಿ ಬೇರು ಹಿಡ್ಕೊಂಡು ಹೋಗ್ತಾರೆ. ಆಗದೋರು ಮನೇಲಿರ್ತಾರೆ.”

ಆ ಹೆಂಗಸು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಎದ್ದರು. ಮೇಸ್ತ್ರಿ ಮುಂದೆ ಹೋಗಿ ಎಲ್ಲಿ ಕಾಲಿಡಬೇಕೆಂದು ತೋರಿಸಿದ. ಇಂಜಿನಿಯರಮ್ಮ ಹಿಂದಿನಿಂದ ಬೇರು ಹಿಡಿದು ದಾಟಿದಳು. ಸಾಹೇಬರು ತಮ್ಮ ಹೊಳೆಯುವ ಬೂಟುಗಳನ್ನು ಒಮ್ಮೆ ನೋಡಿಕೊಂಡು, ಫೋನು ಬಂದವರಂತೆ ಗೇಟಿನ ಕಡೆ ಹೋದರು.

ಮೂವರೂ ಶಾಲೆಯ ಹಿಂಬದಿಯವರೆಗೆ ನಡೆದು ವಾಪಸು ಬರುವ ಹೊತ್ತಿಗೆ ಬಿಸಿಲೇರಿತ್ತು. ಆ ಹೆಂಗಸು ಕಾರು ಹತ್ತುವ ಮೊದಲು ಇಂಜಿನಿಯರಮ್ಮನಿಗೆ ಹೇಳಿದ್ದು ಇಷ್ಟೇ. “ಕೊಡ್ತೀವಿ ಅಂತ ಈಗಲೇ ಹೇಳೋಕೆ ಬರಲ್ಲ. ಅದನ್ನ ತೀರ್ಮಾನ ಮಾಡೋಳು ನಾನೊಬ್ಬಳೇ ಅಲ್ಲ. ಆದ್ರೆ ಅಳತೆ ತಗೊಳ್ಳೋಕೆ ಈ ವಾರ ನಮ್ಮವರನ್ನ ಕಳಿಸ್ತೀನಿ. ಅಲ್ಲಿವರೆಗೆ ಅದನ್ನ ಮುಚ್ಚಬೇಡಿ. ಯಾರೂ ಬೀಳದ ಹಾಗೆ ನೋಡ್ಕೊಳ್ಳಿ ಸಾಕು.”

ಅವರ ಕಾರು ಹೋಯಿತು. ಗೇಟಿನಲ್ಲೇ ನಿಂತಿದ್ದ ಸಾಹೇಬರು, “ಮಧ್ಯಾಹ್ನ ನನ್ನ ಚೇಂಬರಿಗೆ ಬನ್ನಿ,” ಎಂದಷ್ಟೇ ಹೇಳಿ ಹೊರಟರು. ಅಲ್ಲಿ ತನಗೆ ಮಂಗಳಾರತಿ ಕಾದಿದೆ ಎಂಬುದು ಅವಳಿಗೆ ಗೊತ್ತಿತ್ತು. ಆಗಲಿ, ಅದನ್ನು ಮಧ್ಯಾಹ್ನ ನೋಡಿಕೊಂಡರಾಯಿತು. ಈಗ ಮೇಸ್ತ್ರಿಯ ಹತ್ತಿರ ಏನಾದರೂ ಹೇಳಬೇಕು. ನಾಲ್ಕು ಜನರ ಎದುರು, ಅವನ ಹುಡುಗರ ಎದುರು ಅವನ ಕೆಲಸವನ್ನು ಕಸ ಎಂದಿದ್ದಳಲ್ಲ, ಅದಕ್ಕೆ. ಮಾತು ಹುಡುಕುತ್ತ ಅವಳು ತಿರುವಿನವರೆಗೆ ನಡೆದಳು.

ಅಲ್ಲಿ ಮೇಸ್ತ್ರಿ ಎರಡು ಮರಗಳ ನಡುವೆ ಹಗ್ಗ ಬಿಗಿಯುತ್ತಿದ್ದ. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬಳು ಎದುರಿಗೆ ನಿಂತು ಬಾಯಿ ಮಾಡುತ್ತಿದ್ದಳು.

“ದಾರಿ ಸರಿ ಮಾಡಿದಾರೆ ಅಂತ ನನ್ನ ಸೊಸೆ ನಿನ್ನೆ ನೋಡ್ಕೊಂಡು ಬಂದು ಹೇಳಿದ್ಲು. ಅಷ್ಟು ಚೆನ್ನಾಗಿತ್ತಂತೆ! ನಾನು ಅಲ್ಲಿಂದ ಇಲ್ಲೀವರೆಗೆ ಬಂದೆ. ಯಾರಪ್ಪ ಇದನ್ನ ಅಗೆದು ಹಾಕಿದ್ದು? ಅವರ ಕೈ ಸೇದಿಹೋಗ!”

ಇಂಜಿನಿಯರಮ್ಮ ಬೇಗಬೇಗ ಹೆಜ್ಜೆ ಹಾಕಿದಳು. ನಾನು ಅಗೆಸಿದ್ದು ಎಂದು ಹೇಳಬೇಕು.

ಮೇಸ್ತ್ರಿ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. “ನಾನೇ ಕಣಜ್ಜಿ,” ಎಂದ. “ನಾನೇ ಅಗೆದೆ.”

“ನಿಂಗೇನು ಬಂದಿತ್ತೋ ಕೇಡು?”

“ಮತ್ತೆ ಕಟ್ತೀವಿ. ಈ ಸಲ ನಿಲ್ಲೋ ಹಾಗೆ.”

ಅಜ್ಜಿ ಗೊಣಗುತ್ತ ತಿರುಗಿ ಹೊರಟಳು. ಮೇಸ್ತ್ರಿ ತಲೆಗೆ ಸುತ್ತಿದ್ದ ಕೆಂಪು ಟವೆಲ್ಲನ್ನು ಬಿಚ್ಚಿ, ಕೊಡವಿ, ದೂರದಿಂದಲೇ ಕಾಣಲಿ ಎಂದು ಹಗ್ಗದ ನಡುವಿಗೆ ಕಟ್ಟಿದ. ಆಮೇಲೆ ಕೊರಕಲಿನ ಪಕ್ಕದಲ್ಲೇ ಒಂದು ಕಲ್ಲು ನೋಡಿ ಕೂತು, ಇಂಜಿನಿಯರಮ್ಮನಿಗೂ ಜಾಗವಾಗುವಷ್ಟು ಸರಿದುಕೊಂಡ.