ಹನ್ನೆರಡನೆಯ ಟಕ್

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಇಲ್ಲವೆನ್ನುವುದಿಲ್ಲ. ಬೈಯುವವರ ಜೊತೆ ಹೇಗೋ ಏಗುತ್ತೇನೆ. ಬೈಯದೆ ಸುಮ್ಮನಿರುವವರ ಜೊತೆ ಏಗುವುದು ಮಾತ್ರ ನನ್ನಿಂದಾಗದು. ನಮ್ಮತ್ತೆ ಮೂರು ವಾರದಿಂದ ಸುಮ್ಮನಿದ್ದರು.

ತಪ್ಪು ನನ್ನದೇ. ಒಂದು ಸಂಜೆ ಮೊಲಗಳಿಗೆ ಹುಲ್ಲು ಹಾಕಿ, ಮೇಕೆಗಳನ್ನು ಕಟ್ಟಿ, ಫೋನಿನಲ್ಲಿ ತಂಗಿಯ ಜೊತೆ ಹರಟುತ್ತಾ ಒಳಗೆ ಬಂದುಬಿಟ್ಟೆ. ಕೋಳಿಗೂಡಿನ ಚಿಲಕ ಹಾಕಲಿಲ್ಲ. ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಪುಕ್ಕ. ನರಿ ಒಂದನ್ನೂ ಬಿಟ್ಟಿರಲಿಲ್ಲ. ಅತ್ತೆ ಈ ಮನೆಗೆ ಬಂದ ವರ್ಷದಿಂದ ಮರಿ ಮಾಡಿಸಿ ಉಳಿಸಿಕೊಂಡಿದ್ದ ಬೂದುಚುಕ್ಕೆಯ ತಳಿ ಅದು. ಬೇರೆಲ್ಲೂ ನಾವು ಕಂಡಿಲ್ಲ. ಅತ್ತೆ ಪುಕ್ಕವನ್ನೆಲ್ಲ ಗುಡಿಸಿ, ಮೊಲಗಳಿಗೆ ನೀರಿಟ್ಟೆಯಾ ಎಂದು ಕೇಳಿದರು. ಅಷ್ಟೇ. ಅದಕ್ಕಿಂತ ಕಪಾಳಕ್ಕೆ ಎರಡು ಬಾರಿಸಿದ್ದರೆ ವಾಸಿಯಿತ್ತು.

ಉಳಿದದ್ದು ತಿಂಡಿಗೆಂದು ಅಡುಗೆಮನೆಯ ಬುಟ್ಟಿಯಲ್ಲಿ ಎತ್ತಿಟ್ಟಿದ್ದ ಒಂಬತ್ತು ಮೊಟ್ಟೆ. ಗಂಡ ಎಂದಿನಂತೆ ಆಮ್ಲೆಟ್ ಕೇಳಿದ. ನಾನು ನೋಡಿದ ನೋಟಕ್ಕೆ ಬರೀ ಬ್ರೆಡ್ಡು ತಿಂದು ಎದ್ದುಹೋದ. ಒಂದು ಬೂಟಿನ ಡಬ್ಬ, ಅದರೊಳಗೆ ಸಣ್ಣ ಬಲ್ಬು, ಬಟ್ಟಲಲ್ಲಿ ನೀರು, ಮಗಳ ಜ್ವರ ನೋಡುವ ಥರ್ಮಾಮೀಟರು: ಇಷ್ಟನ್ನು ಜೋಡಿಸಿ, ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ನಾನೇ ಕಾವು ಕೊಟ್ಟೆ. ಪೆನ್ಸಿಲಿನಲ್ಲಿ ಗುರುತು ಹಾಕಿ, ದಿನಕ್ಕೆ ಐದು ಸಲ ಮಗ್ಗುಲು ಬದಲಿಸಿದೆ. ಹಡೆದ ಮಗಳನ್ನೂ ನಾನು ಇಷ್ಟು ನೋಡಿಕೊಂಡಿಲ್ಲ.

ಇಪ್ಪತ್ತೊಂದನೆಯ ದಿನ ಮರಿ ಹೊರಬರಬೇಕಿತ್ತು. ಬರಲಿಲ್ಲ. ಇಪ್ಪತ್ತೆರಡೂ ಕಳೆಯಿತು. ಬುಟ್ಟಿಯ ಮೊಟ್ಟೆಯಲ್ಲಿ ಜೀವ ಎಲ್ಲಿಂದ ಬರಬೇಕು ಎಂದ ಗಂಡ. ನಾಳೆ ಟೊಮೇಟೊ ಬಾಟಲಿಗೆ ತುಂಬಿಡುವ ಕೆಲಸ ಮುಗಿದ ಮೇಲೆ ಹೂತುಬಿಡೋಣ, ಕೊಳೆತರೆ ಮನೆಯೆಲ್ಲ ನಾರುತ್ತದೆ ಎಂದರು ಅತ್ತೆ.

ಮರುದಿನ ಬೆಳಿಗ್ಗೆಯಿಂದ ಟೊಮೇಟೊ ಸಿಪ್ಪೆ ಸುಲಿದು, ನಿಂಬೆರಸ ಹಿಂಡಿ, ಹನ್ನೊಂದು ಬಾಟಲಿ ತುಂಬಿದೆವು. ದೊಡ್ಡ ಹಂಡೆಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಒಂದೊಂದಾಗಿ ಎತ್ತಿ ಟವೆಲಿನ ಮೇಲಿಟ್ಟೆವು. ಆಮೇಲೆ ಯಾರೂ ಉಸಿರೆತ್ತಬಾರದು. ಬಾಟಲಿ ಆರುತ್ತಾ ಬಂದಂತೆ ತಗಡಿನ ಮುಚ್ಚಳ ಒಳಕ್ಕೆ ಎಳೆದುಕೊಂಡು ‘ಟಕ್’ ಎನ್ನುತ್ತದೆ; ಗಾಳಿ ಹೋಗದಂತೆ ಭದ್ರವಾಗಿ ಕೂತಿತೆಂದು ಅರ್ಥ. ಬೆರಳಲ್ಲಿ ಒತ್ತಿ ನೋಡುವಂತಿಲ್ಲ. ಒತ್ತಿದರೆ ಕೂರದ ಮುಚ್ಚಳವೂ ಕೂತ ಹಾಗೆ ನಟಿಸುತ್ತದೆ. ಅದಕ್ಕೇ ಅತ್ತೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು, ಒಂದು ಟಕ್‌ಗೆ ಒಂದು ಹುರುಳಿಕಾಯಿ ಬೀಜ ತಟ್ಟೆಗೆ ಹಾಕುತ್ತಾರೆ. ಇಷ್ಟು ವರ್ಷದಲ್ಲಿ ಆ ಲೆಕ್ಕ ತಪ್ಪಿದ್ದೇ ಇಲ್ಲ.

ಅವತ್ತು ತಟ್ಟೆಯಲ್ಲಿ ಹನ್ನೆರಡು ಬೀಜ ಇದ್ದವು.

ಅವರು ಬೀಜ ಎಣಿಸಿದರು, ಬಾಟಲಿ ಎಣಿಸಿದರು, ಮತ್ತೆ ಬೀಜ ಎಣಿಸಿದರು. ವಯಸ್ಸಾಯಿತು, ಕಿವಿ ಏನೇನೋ ಕೇಳಿಸಿಕೊಳ್ಳುತ್ತದೆ ಎಂದೆ ನಾನು. ಮೂರು ವಾರದ ಉರಿಯೆಲ್ಲ ಆ ಒಂದು ಮಾತಿಗೆ ಬಂದು ಸೇರಿತ್ತು. ಅಂದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ನನಗೂ ಕೇಳಿಸಿತು. ಟಕ್. ಬಾಟಲಿಗಳ ಕಡೆಯಿಂದಲ್ಲ, ಒಲೆಯ ಪಕ್ಕದಿಂದ.

ಡಬ್ಬದ ಮುಚ್ಚಳ ತೆಗೆದೆ. ಒಂದು ಮೊಟ್ಟೆಯ ದಪ್ಪ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿರುಕು. ಒಳಗಿನಿಂದ ಯಾರೋ ಪುಟ್ಟದಾಗಿ ಕುಟ್ಟುತ್ತಿದ್ದರು. ಕೈ ಹಾಕಬೇಡ, ಅದೇ ಬರಲಿ ಎಂದರು ಅತ್ತೆ. ಟೊಮೇಟೊ ಸಿಪ್ಪೆಯ ರಾಶಿ ಅಲ್ಲೇ ಬಿದ್ದಿತ್ತು. ಇಬ್ಬರೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒದ್ದೆ ಮುದ್ದೆಯಂತಹ ಒಂದು ಮರಿ ಹೊರಗೆ ಬಿದ್ದು, ಬಾಯಿ ಬಿಟ್ಟು ಚಿಂವ್ ಎಂದಿತು. ಇನ್ನೂ ನಾಲ್ಕು ಮೊಟ್ಟೆಗಳಲ್ಲಿ ಬಿರುಕು ಮೂಡಿತ್ತು. ನಾನು ಅಲ್ಲೇ ನಿಂತು ಗಳಗಳ ಅತ್ತುಬಿಟ್ಟೆ.

ಅತ್ತೆ ಮರಿಯನ್ನೇ ನೋಡುತ್ತಾ ಹೇಳಿದರು: “ನಾನೂ ಚಿಲಕ ಹಾಕೋದು ಮರೆತಿದ್ದೀನಿ. ಒಂದಲ್ಲ, ಎರಡು ಸಲ. ಆಗ ನರಿ ಬರ್ಲಿಲ್ಲ, ಅಷ್ಟೇ. ಅದನ್ನ ನಿಂಗೆ ಅವತ್ತೇ ಹೇಳ್ಬೇಕಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

“ಸಿಟ್ಟಿತ್ತು.”

ಮೂಗೊರೆಸಿಕೊಂಡು, ಈಗಲೂ ಇದೆಯಾ ಎಂದು ಕೇಳಿದೆ. ಅವರು ಸುಳ್ಳು ಹೇಳುವ ಪೈಕಿಯಲ್ಲ.

“ಒಂಚೂರು ಇದೆ,” ಎಂದು ಸ್ಟೂಲಿನ ಮೇಲೆ ಸರಿದು ನನಗೂ ಜಾಗ ಮಾಡಿದರು. “ಕೂತ್ಕೋ. ಇನ್ನೂ ನಾಲ್ಕು ಬರೋದಿದೆ.”